ಗಡಗಡಿಯೊಳಗೆ ಹಾಕಿದ್ದು

ಪಿನ್ನು ಹೊರಗೆ ಬರಲಿಲ್ಲ. ಎಂಟು ಸಲ ಹೊಡೆದಿದ್ದೆ. ಒಂಬತ್ತನೇ ಪೆಟ್ಟು ಜಾರಿ ನನ್ನ ಹೆಬ್ಬೆರಳಿಗೇ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು, ಇಟ್ಟಂಗಿಗೆ ಒರಗಿಸಿ ಇಟ್ಟಿದ್ದ ಮೊಬೈಲ್ ಕಡೆ ನೋಡಿದೆ. ಅದರಲ್ಲಿದ್ದ ಮನುಷ್ಯ ಇಂಥದೇ ತುಕ್ಕು ಹಿಡಿದ ಪಿನ್ನಿಗೆ ಮೂರು ಪೆಟ್ಟು ಹಾಕಿದ್ದ. ನಾಲ್ಕನೆಯದಕ್ಕೆ ಅದು ಬೆಣ್ಣೆಯೊಳಗಿನ ಕಡ್ಡಿಯಂತೆ ಹೊರಗೆ ಬಂದಿತ್ತು. ಅಲ್ಲಿಗೆ ವಿಡಿಯೊ ನಿಲ್ಲಿಸಿದ್ದೆ. ಪರದೆ ತುಂಬ ನನ್ನ ಎಣ್ಣೆ ಬೆರಳಿನ ಗುರುತು.

"ಅವಗ ಬರ್ತೈತಿ, ನಿನಗ್ಯಾಕ ಬರವಲ್ತು?" ಎಂದರು ಆಯಿ. ಬಾವಿಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಅವನ ಪಿನ್ನು ಬ್ಯಾರೆರಿ ಆಯಿ."

"ಅವನ ಕೈ ಬ್ಯಾರೆ ಅನ್ನು."

ನಾನು ಮತ್ತೆ ಹೊಡೆದೆ. ಬರಲಿಲ್ಲ.

ಅದು ಬಾವಿಯ ಗಡಗಡಿ. ಹಗ್ಗ ಹಾಕಿ ನೀರು ಸೇದುತ್ತಾರಲ್ಲ, ಆ ಗಾಲಿ. ಬೀಡು ಕಬ್ಬಿಣದ್ದು, ಎರಡೂ ಕೈಯಲ್ಲಿ ಹಿಡಿಯುವಷ್ಟು ದೊಡ್ಡದು. ಎಂಟು ವರ್ಷದಿಂದ ತಿರುಗಿರಲಿಲ್ಲ. ಮೂರು ದಿನ ಡೀಸೆಲಿನಲ್ಲಿ ನೆನೆಹಾಕಿದ್ದೆ. ಗ್ಯಾಸಿನ ಬೆಂಕಿ ಹಿಡಿದು ಕಾಯಿಸಿದ್ದೆ. ಅದನ್ನು ಬರುವ ಭಾನುವಾರದೊಳಗೆ ತಿರುಗುವಂತೆ ಮಾಡಬೇಕಾಗಿತ್ತು. ಅವತ್ತು ಬುಧವಾರ.

ಆಯಿ ನನ್ನ ಸ್ವಂತ ಅಜ್ಜಿ ಅಲ್ಲ. ನಮ್ಮ ಓಣಿಯ ಜೈನರ ಮನೆಯ ಹಿರಿಯರು. ಓಣಿಗೆಲ್ಲ ಅವರು ಆಯಿ. ನಮ್ಮ ಊರು ಕಾಗವಾಡದ ಹತ್ತಿರ. ಮೂರರಲ್ಲಿ ಒಂದು ಮನೆ ಜೈನರದು. ನಮ್ಮದು ಮಟನ್ ಮಾಡುವ ಮನೆ. ಆದರೆ ಆಯಿಯ ಹಿತ್ತಲಿನಲ್ಲಿ ಆಡಿ ಬೆಳೆದವನು ನಾನು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರ ಧರ್ಮದ ಬಗ್ಗೆ ಪೂರ್ತಿ ಗೊತ್ತು ಎಂದುಕೊಂಡಿದ್ದೆ. ಅದೇ ತಪ್ಪಾಯಿತು.

ಮೊದಲು ವಿಡಿಯೊಗಳ ಬಗ್ಗೆ ಹೇಳುತ್ತೇನೆ. ಅವು ಇಲ್ಲದಿದ್ದರೆ ಆ ಗಡಗಡಿ ನನ್ನ ಕೈಗೆ ಬರುತ್ತಿರಲಿಲ್ಲ.

ನಾನು ಏಳನೇ ಇಯತ್ತೆಯಲ್ಲಿ ಶಾಲೆ ಬಿಟ್ಟೆ. ಮಿರಜ್ ರಸ್ತೆಯ ಮೇಲೆ ಕಬ್ಬಿನ ಟ್ರೇಲರ್ ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಹೋದೆ. ವೆಲ್ಡಿಂಗ್ ಕಲಿತೆ. ಓದುವುದು ನನಗೆ ಬೇಸರ. ಕನ್ನಡ ಓದುತ್ತೇನೆ, ಮರಾಠಿ ತಡವರಿಸಿ ಓದುತ್ತೇನೆ, ಅಷ್ಟೆ. ಆದರೆ ಒಂದು ವಸ್ತು ಹೇಗೆ ಆಗುತ್ತದೆ ಎಂದು ನೋಡುವುದು ಸಣ್ಣವನಿದ್ದಾಗಿನಿಂದ ಹುಚ್ಚು. ಮನೆಯ ಗಡಿಯಾರ ಬಿಚ್ಚಿ ಒದೆ ತಿಂದಿದ್ದೇನೆ. ರೇಡಿಯೊ ಬಿಚ್ಚಿಯೂ ತಿಂದಿದ್ದೇನೆ.

ಮೊದಮೊದಲು ನೆಟ್ಟು ಇರಲಿಲ್ಲ. ಕಾಗವಾಡದ ಮೊಬೈಲ್ ಅಂಗಡಿಗೆ ಹೋಗಿ ಮೆಮರಿ ಕಾರ್ಡು ಕೊಟ್ಟರೆ ಹಾಡು, ಸಿನಿಮಾ ತುಂಬಿ ಕೊಡುತ್ತಿದ್ದರು. ನಾನು ಮಷಿನ್ ಮಾಡುವ ವಿಡಿಯೊ ಹಾಕು ಎಂದೆ. ಅಂಗಡಿಯವನು ನನ್ನ ಮುಖ ನೋಡಿದ. ಅಂಥಾವೂ ಇರುತ್ತವೆಯೇ ಎಂದು ಅವನಿಗೂ ಗೊತ್ತಿರಲಿಲ್ಲ. ಹುಡುಕಿ ಎರಡು ಹಾಕಿ ಕೊಟ್ಟ. ಒಂದರಲ್ಲಿ ಪೆನ್ಸಿಲ್ ಕಾರ್ಖಾನೆ, ಇನ್ನೊಂದರಲ್ಲಿ ಸರಪಳಿ ಮಾಡುವುದು. ಆ ಎರಡನ್ನೇ ಎರಡು ವರ್ಷ ನೋಡಿದೆ.

ಆಮೇಲೆ ಫುಕಟ್ ನೆಟ್ಟಿನ ಸಿಮ್ ಬಂತು. ಎಲ್ಲರೂ ಸಿನಿಮಾ ನೋಡಿದರು, ಕ್ರಿಕೆಟ್ ನೋಡಿದರು. ನಾನು ರಿಪೇರಿ ನೋಡಿದೆ. ಒಂದು ನೋಡಿದರೆ ಅದರ ಕೆಳಗೆ ಹತ್ತು ಬರುತ್ತಿದ್ದವು. ಹಳೇ ಕೊಡಲಿ, ಹಳೇ ಚಿಮಣಿ, ಹಳೇ ತಕ್ಕಡಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟ್ರೇಲರಿನ ಕೆಳಗೆ ಮಲಗಿ ನೋಡುತ್ತಿದ್ದೆ. ಶೆಡ್ಡಿನ ಮಾಲಕರು ಬಂದು ಕಾಲಿನಿಂದ ನನ್ನ ಕಾಲು ತಟ್ಟುತ್ತಿದ್ದರು.

"ಏನಲೇ, ನಿನ್ನ ಮೊಬೈಲ್ ಮೇಸ್ತ್ರಿ ಏನಂತಾನ? ಆ ಎಕ್ಸಲ್ ಎತ್ತಾಕ ಬರ್ತಾನೇನು?"

ಅವರಿಗೆ ನಲವತ್ತು ವರ್ಷದ ಅನುಭವ. ಕಲಿಯುವುದು ಕೈಯಿಂದ, ಕಣ್ಣಿನಿಂದ ಅಲ್ಲ ಎನ್ನುತ್ತಿದ್ದರು. ಆದರೆ ನಾನು ಹೊರಗೆ ಹೋದಾಗ ನನ್ನ ಮೊಬೈಲ್ ತೆಗೆದುಕೊಂಡು ಅವರೂ ನೋಡುತ್ತಿದ್ದರು. ವಾಪಸ್ ಬಂದಾಗ ವಿಡಿಯೊ ಮುಂದೆ ಹೋಗಿರುತ್ತಿತ್ತು.

ಎರಡು ಚಾನೆಲ್ ನನಗೆ ಬಹಳ ಸೇರುತ್ತಿದ್ದವು. ಒಂದರಲ್ಲಿ ಯಾವುದೋ ಊರಿನವನು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಲಾರಿ ರಿಪೇರಿ ಮಾಡುತ್ತಾನೆ. ಪಕ್ಕದಲ್ಲಿ ಚಹಾದ ಗ್ಲಾಸು. ಗ್ಲಾಸಿಗೆ ನೊಣ. ಅವನ ಹತ್ತಿರ ದೊಡ್ಡ ಮಷಿನ್ ಇಲ್ಲ. ಇಲ್ಲದ್ದಕ್ಕೆ ಏನೋ ಒಂದು ಹೂಡುತ್ತಾನೆ. ಅವನನ್ನು ನೋಡಿದರೆ ನಮ್ಮ ಶೆಡ್ಡಿನಲ್ಲೇ ಇದ್ದಾನೆ ಅನ್ನಿಸುತ್ತದೆ.

ಇನ್ನೊಂದರಲ್ಲಿ ಬರೀ ಕೈ. ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ. ಬಿಳಿಯ ದಪ್ಪ ಕೈಗಳು, ಅವುಗಳ ಮುಂದೆ ತುಕ್ಕು ಹಿಡಿದ ಒಂದು ವಸ್ತು. ಹನ್ನೆರಡು ನಿಮಿಷದಲ್ಲಿ ಅದು ಹೊಸದಾಗುತ್ತದೆ. ಒಂದು ಬೋಲ್ಟೂ ಮುರಿಯುವುದಿಲ್ಲ. ಯಾರೂ ಊಟಕ್ಕೆ ಕರೆಯುವುದಿಲ್ಲ. ಯಾರೂ ಬಂದು ನನ್ನದು ಯಾವಾಗ ಆಗುತ್ತದೆ ಎಂದು ತಲೆ ತಿನ್ನುವುದಿಲ್ಲ. ಇವನು ಯಾರು, ಏನು ತಿನ್ನುತ್ತಾನೆ, ಇಷ್ಟು ಹೊಸದು ಮಾಡಿದ ಮೇಲೆ ಆ ವಸ್ತುಗಳನ್ನು ಏನು ಮಾಡುತ್ತಾನೆ ಎಂದು ನನಗೆ ತಲೆ ಕೆಡುತ್ತಿತ್ತು.

ಒಂದು ದಿನ ಅವನ ಎಡಗೈ ಹೆಬ್ಬೆರಳ ಉಗುರು ನೋಡಿದೆ. ಬುಡದಲ್ಲಿ ಒಂದು ಕರಿ ಕಲೆ. ಸುತ್ತಿಗೆ ಬಿದ್ದದ್ದು. ಅಂಥದು ನನಗೂ ಆಗಿತ್ತು; ದೀಪಾವಳಿಗೆ ಬಿದ್ದ ಕಲೆ ಉಗುರಿನ ತುದಿಗೆ ಬಂದು ಕತ್ತರಿಸಿ ಹೋಗುವಷ್ಟರಲ್ಲಿ ಯುಗಾದಿ ಬಂದಿತ್ತು. ವಿಡಿಯೊ ನೋಡುತ್ತ ಹೋದೆ. ಕೊನೆಯಲ್ಲಿ ಅವನು ಆ ವಸ್ತುವನ್ನು ಹಿಡಿದು ತಿರುಗಿಸಿ ತೋರಿಸುವಾಗ ಅದೇ ಕಲೆ ಉಗುರಿನ ತುದಿಯಲ್ಲಿತ್ತು. ಮತ್ತೆ ಹಿಂದೆ ಹೋಗಿ ನೋಡಿದೆ. ಮೊದಲಿಗೆ ಬುಡದಲ್ಲಿ. ಕೊನೆಗೆ ತುದಿಯಲ್ಲಿ. ಕಿಟಕಿಯ ಹೊರಗೆ ಮೊದಲು ಬೆಳ್ಳಗೆ ಹಿಮ ಇತ್ತು, ಆಮೇಲೆ ಹಸಿರು ಎಲೆ.

ಹನ್ನೆರಡು ನಿಮಿಷದ ಕೆಲಸಕ್ಕೆ ಅವನು ನಾಲ್ಕೈದು ತಿಂಗಳು ತೆಗೆದುಕೊಂಡಿದ್ದ. ಪಿನ್ನು ಮುರಿದದ್ದು, ಬೈದದ್ದು, ಬಿಟ್ಟು ಎದ್ದು ಹೋದದ್ದು, ಎಲ್ಲವನ್ನೂ ಕತ್ತರಿಸಿ ಎಸೆದಿದ್ದ. ನನಗೆ ಸಿಟ್ಟು ಬರಲಿಲ್ಲ. ಬದಲಿಗೆ ಅವನ ಮೇಲೆ ಭರವಸೆ ಬಂತು. ಅವತ್ತಿನಿಂದ ನಾನು ವಿಡಿಯೊ ನೋಡುವುದೇ ಬೇರೆಯಾಯಿತು. ಎಲ್ಲಿ ಕತ್ತರಿಸಿದ್ದಾನೆ ಎಂದು ಹುಡುಕುತ್ತ ನೋಡುತ್ತಿದ್ದೆ.

ನೋಡಿ ನೋಡಿ ಸಣ್ಣಪುಟ್ಟದ್ದು ಮಾಡತೊಡಗಿದೆ. ಮನೆಯ ಈಳಿಗೆ, ಪಕ್ಕದವರ ಸೈಕಲ್ ಬೆಲ್ಲು, ಆಯಿಯ ಮನೆಯ ಶಾವಿಗೆ ಮಷಿನ್. ಆ ಶಾವಿಗೆ ಮಷಿನ್ ನೋಡಿಯೇ ಆಯಿ ನನ್ನನ್ನು ಕರೆದದ್ದು.

ವಿಷಯ ಇಷ್ಟೆ. ಒಬ್ಬ ಮುನಿ ಮಹಾರಾಜರು ಆ ದಾರಿಯಲ್ಲಿ ನಡೆದುಕೊಂಡು ಹೋಗುವವರಿದ್ದರು. ಶನಿವಾರ ಸಂಜೆ ನಮ್ಮೂರ ಬಸದಿಗೆ ಬಂದು, ಭಾನುವಾರ ಬೆಳಿಗ್ಗೆ ಆಹಾರ ಮುಗಿಸಿ, ಮುಂದೆ ಹೋಗುತ್ತಾರೆ. ಅವರು ದಿನಕ್ಕೆ ಒಂದೇ ಸಲ ಉಣ್ಣುವುದು, ನಿಂತುಕೊಂಡು, ತಮ್ಮ ಬೊಗಸೆಯಲ್ಲಿ. ನೀರು ಕುಡಿಯುವುದೂ ಆಗಲೇ. ಅವರಿಗೆ ಅಡುಗೆ ಮಾಡುವವರು ಶುದ್ಧವಾಗಿ ಬೇರೆ ಒಲೆ ಹೂಡಬೇಕು. ಅದಕ್ಕೆ ಚೌಕ ಎನ್ನುತ್ತಾರೆ. ಚೌಕಕ್ಕೆ ನಳದ ನೀರು ನಡೆಯುವುದಿಲ್ಲ, ಬೋರಿನದೂ ನಡೆಯುವುದಿಲ್ಲ. ತೆರೆದ ಬಾವಿಯಿಂದ ಕೈಯಲ್ಲಿ ಸೇದಿದ ನೀರೇ ಬೇಕು.

ಓಣಿಯಲ್ಲಿ ಮೊದಲು ಐದು ಬಾವಿ ಇದ್ದವಂತೆ. ನಳ ಬಂದ ಮೇಲೆ ಒಂದೊಂದನ್ನೇ ಮುಚ್ಚಿದರು. ಆಯಿ ತಮ್ಮದನ್ನು ಮುಚ್ಚಲು ಬಿಡಲಿಲ್ಲ. ಆದರೆ ಗಡಗಡಿ ಕಚ್ಚಿಕೊಂಡಿತು, ಹೊಸ ಗಡಗಡಿ ಆ ಹಳೇ ಕಂಬಗಳ ನಡುವೆ ಕೂಡಲಿಲ್ಲ, ಬಾವಿಯ ಮೇಲೆ ಜಾಳಿಗೆ ಹಾಕಿ ಬಿಟ್ಟರು. ಎಂಟು ವರ್ಷದಲ್ಲಿ ಮೂರು ಸಲ ಮಹಾರಾಜರು ಬಂದು ಹೋದರು. ಮೂರು ಸಲವೂ ಆಯಿಯ ಮನೆಯಲ್ಲಿ ಚೌಕ ಆಗಲಿಲ್ಲ.

"ಇನ್ನೊಂದ ಸಲ ಬರೂತನ ನಾ ಇರ್ತೀನೊ ಇಲ್ಲೊ. ಇದೊಂದ ತಿರಗೂಹಂಗ ಮಾಡಿಕೊಡೊ ತಮ್ಮಾ" ಎಂದಿದ್ದರು.

ಆಗುತ್ತದೆ ಎಂದಿದ್ದೆ. ಸುಮ್ಮನೆ ಅಂದದ್ದಲ್ಲ. ಬಾವಿಯ ಗಡಗಡಿಯ ವಿಡಿಯೊ ಆ ಕೈಗಳವನೇ ಮಾಡಿದ್ದ. ಹೆಚ್ಚುಕಡಿಮೆ ಇಂಥದೇ.

ಬುಧವಾರ ಹೊತ್ತು ಇಳಿಯುವಾಗ ಪಿನ್ನು ಹೊರಗೆ ಬಂತು. ಎಷ್ಟು ಪೆಟ್ಟು ಎಂದು ಎಣಿಸುವುದನ್ನು ಬಿಟ್ಟಿದ್ದೆ. ಗಾಲಿಯ ನಡುವಿನ ತೂತು ನೋಡಿದರೆ ಸವೆದು ಮೊಟ್ಟೆಯಾಕಾರ ಆಗಿತ್ತು. ಹೊಸ ಪಿನ್ನು ಹಾಕಿದರೂ ಲಟಲಟ ಅಲ್ಲಾಡುತ್ತದೆ, ಒಂದು ಕೊಡ ಎತ್ತುವಷ್ಟರಲ್ಲಿ ಕಿರುಚುತ್ತದೆ. ಕೈಗಳವನು ಇಲ್ಲಿ ಹಿತ್ತಾಳೆಯ ಬುಶ್ ಮಾಡಿ ಕೂರಿಸಿದ್ದ. ಬುಶ್ ಎಂದರೆ ಪಿನ್ನಿಗೂ ಗಾಲಿಗೂ ನಡುವೆ ಹಾಕುವ ಬಳೆ. ಅವನ ಹತ್ತಿರ ಲೋಹವನ್ನು ತಿರುಗಿಸಿ ಕೆತ್ತುವ ಲೇತ್ ಇದೆ. ನಮ್ಮ ಶೆಡ್ಡಿನಲ್ಲಿ ಇಲ್ಲ. ಮಿರಜಿಗೆ ಹೋಗಿ ಕೇಳಿದೆ. ಲೇತಿನವರು ಮುಂದಿನ ವಾರ ಎಂದರು.

ಆಗ ನೆಲದ ಮೇಲೆ ಕೂರುವವನು ನೆನಪಾದ. ಅವನು ಒಂದು ಗಾಡಿಯ ಗಾಲಿಗೆ ಬುಶ್ ಸಿಗದೆ ದಪ್ಪ ತೊಗಲು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಸುತ್ತಿ ಕೂರಿಸಿದ್ದ. ಸಾವಕಾಶ ತಿರುಗುವ ಗಾಲಿಗೆ ಅದು ವರ್ಷಗಟ್ಟಲೆ ನಡೆಯುತ್ತದೆ. ಮನೆಯಲ್ಲಿ ನನ್ನ ಹಳೇ ಕೊಲ್ಹಾಪುರಿ ಚಪ್ಪಲಿ ಇತ್ತು, ಅಥಣಿಯಲ್ಲಿ ತಂದದ್ದು. ಹೆಬ್ಬೆರಳು ಸಿಕ್ಕಿಸುವ ಉಂಗುಷ್ಟ ಹರಿದಿತ್ತು, ಕೆಳಗಿನ ಅಟ್ಟೆ ಗಟ್ಟಿ ಇತ್ತು. ಅಟ್ಟೆ ಬಿಚ್ಚಿ, ತೊಳೆದು, ಪಟ್ಟಿ ಕತ್ತರಿಸಿದೆ. ತೂತನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದೆ. ಪಟ್ಟಿಗೆ ಶೆಡ್ಡಿನ ಗ್ರೀಸ್ ಹಚ್ಚಿ ಕೂರಿಸಿದೆ. ಎಷ್ಟು ಸರಿಯಾಗಿ ಕೂತಿತೆಂದರೆ, ಮಾಲಕರಿಗೆ ತೋರಿಸಿದಾಗ ಅವರು ಬೆರಳಿನಿಂದ ಒಂದು ಸಲ ತಿರುಗಿಸಿ ಏನೂ ಅನ್ನದೆ ಹೋದರು. ಅವರು ಏನೂ ಅನ್ನದಿದ್ದರೆ ಅದು ಹೊಗಳಿಕೆ.

ಶುಕ್ರವಾರ ಗಡಗಡಿ ಏರಿಸಿದೆ. ಆಯಿ ಹಗ್ಗ ಜಗ್ಗಿದರು. ಕೊಡ ಕೆಳಗೆ ಹೋಯಿತು, ನೀರಿಗೆ ತಾಗಿದ ಸಪ್ಪಳ ಬಂತು, ಮೇಲೆ ಬಂತು. ಗಡಗಡಿಯಿಂದ ಒಂದು ಸಣ್ಣ ಸಪ್ಪಳವೂ ಇಲ್ಲ.

"ಅವಾಜ ಇಲ್ಲಲ್ಲೊ ಇದಕ್ಕ. ಮೊದಲ ಇದು ಜಗ್ಗಿದ್ರ ಬಸದಿ ತನ ಕೇಳತಿತ್ತು" ಎಂದರು. ಇನ್ನೊಂದು ಕೊಡ ಸೇದಿದರು. ಇನ್ನೊಂದು. ಸಾಕಾಗುವವರೆಗೆ ಸೇದಿ, ಅದೇ ನೀರಿನಲ್ಲಿ ಚೌಕದ ಪಾತ್ರೆ ತೊಳೆಯಲು ಸೊಸೆಯನ್ನು ಕರೆದರು.

ಮರುದಿನ ಬೆಳಿಗ್ಗೆ ನಾನು ಸುಮ್ಮನೆ ನೋಡಲು ಹೋದೆ. ಆಯಿ ನೀರು ಸೋಸುತ್ತಿದ್ದರು. ಎರಡು ಮಡಿಕೆ ಹಾಕಿದ ದಪ್ಪ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಒಂದು ಸಣ್ಣ ತಂಬಿಗೆಗೆ ಹಾಕಿದರು. ಆ ತಂಬಿಗೆಯ ತಳಕ್ಕೆ ಒಂದು ಕೊಂಡಿ. ನನ್ನ ಕಣ್ಣು ಅಲ್ಲೇ ನಿಂತಿತು. ತಳಕ್ಕೆ ಯಾಕೆ ಕೊಂಡಿ?

ಆಯಿ ತೋರಿಸಿದರು. ಆ ನೀರಿನಲ್ಲಿ ಬಾವಿಯ ಸಣ್ಣ ಜೀವಗಳಿವೆ. ಅವನ್ನು ಬಾವಿಗೇ ವಾಪಸ್ ಬಿಡಬೇಕು. ಮೇಲಿನಿಂದ ಸುರಿದರೆ ಪೆಟ್ಟು ಬಿದ್ದು ಸಾಯುತ್ತವೆ. ಅದಕ್ಕೆ ತಂಬಿಗೆಯನ್ನು ಹಗ್ಗದಿಂದ ನೀರಿನ ಮಟ್ಟದವರೆಗೆ ಇಳಿಸಿ, ತಳದ ಕೊಂಡಿಯ ದಾರ ಜಗ್ಗಿದರೆ ಅದು ಮೆಲ್ಲಗೆ ಬೋರಲಾಗುತ್ತದೆ. ನೀರು ನೀರಿಗೆ ಸೇರುತ್ತದೆ, ಸಪ್ಪಳವಿಲ್ಲ. ನಾನು ಬಗ್ಗಿ ನೋಡಿದೆ. ಎರಡು ಸಲ ಮಾಡಿಸಿ ನೋಡಿದೆ. ಸಾವಿರ ವಿಡಿಯೊ ನೋಡಿದ್ದೆ, ಇಂಥದನ್ನು ಎಲ್ಲೂ ನೋಡಿರಲಿಲ್ಲ. ಅದು ಇಷ್ಟು ವರ್ಷ ನಮ್ಮ ಓಣಿಯಲ್ಲೇ ಮೊಳೆಗೆ ತೂಗಾಡುತ್ತಿತ್ತು.

ಹಾಗೆ ಕೇಳುತ್ತ ಕೇಳುತ್ತ ಇನ್ನೊಂದು ಕೇಳಿದೆ. ನಳದ ನೀರನ್ನೂ ಹೀಗೇ ಸೋಸಿದರೆ ಆಗುವುದಿಲ್ಲವೇ, ಬಾವಿಯೇ ಯಾಕೆ ಬೇಕು?

"ನಳದಾಗ ಚರ್ಮದ ವಾಸರ ಇರ್ತೈತೊ ತಮ್ಮಾ. ಪಂಪಿನಾಗೂ ಇರ್ತೈತಿ. ಚರ್ಮ ಹತ್ತಿದ ನೀರು ಮಹಾರಾಜರ ಕೈಯಾಗ ಹಾಕಾಕ ಬರಂಗಿಲ್ಲ."

ವಾಸರ ಎಂದರೆ ವಾಷರ್, ನೀರು ಸೋರದಂತೆ ನಳದೊಳಗೆ ಹಾಕುವ ಬಿಲ್ಲೆ. "ಈಗ ಎಲ್ಲಾ ರಬ್ಬರಿನ ವಾಸರ ಬರ್ತಾವ್ರಿ ಆಯಿ" ಎಂದೆ.

"ರಬ್ಬರ ಐತೊ ಚರ್ಮ ಐತೊ, ನಾ ಏನ ಬಿಚ್ಚಿ ನೋಡೀನೇನು? ಬಾವ್ಯಾಗ ಹಂಗಲ್ಲ ನೋಡು. ಹಗ್ಗ, ಕೊಡ, ಗಡಗಡಿ. ಎಲ್ಲಾ ಕಣ್ಣಿಗಿ ಕಾಣತಾವು."

ತಲೆ ಎತ್ತಿ ಗಡಗಡಿ ನೋಡಿದೆ. ಹೊರಗೆ ಬಣ್ಣ ಹಚ್ಚಿದ್ದೆ, ಕರಿ ಬಣ್ಣ. ಹೊಳೆಯುತ್ತಿತ್ತು. ಒಳಗೆ ಚಪ್ಪಲಿಯ ಅಟ್ಟೆ.

ಕೆಲಸ ಇದೆ ಎಂದು ಹೇಳಿ ಶೆಡ್ಡಿಗೆ ಬಂದೆ. ಮಾಲಕರಿಗೆ ಎಲ್ಲ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು ಕೇಳಿದರು, ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು.

"ಸುಮ್ನಿರು. ಯಾರ ಬಿಚ್ಚಿ ನೋಡ್ತಾರ? ನಾಳಿ ಒಂದ ದಿನದ ಮಾತ. ಆ ಮುದಕಿ ಖುಷಿ ಐತಿ, ಇರಲಿ ಬಿಡು. ಹೇಳಿದ್ರ ಚೌಕ ನಿಂದರತೈತಿ, ಮತ್ತ ಅಕಿ ಎದಿ ಒಡಕೋತಾಳ."

ತಪ್ಪು ಮಾತಲ್ಲ. ತೊಗಲು ನೀರಿಗೆ ಮುಟ್ಟುವುದೂ ಇಲ್ಲ, ಹಗ್ಗಕ್ಕೂ ಮುಟ್ಟುವುದಿಲ್ಲ. ಅದು ಒಳಗೆ, ಮೇಲೆ ಇದೆ. ಗ್ರೀಸು ಒಂದು ಹನಿ ಇಳಿದರೆ ಇಳಿಯಬಹುದು. ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಗಂಟೆ ವೆಲ್ಡಿಂಗ್ ಮಾಡಿದೆ. ಎರಡು ಜೋಡಣೆ ಹಾಳು ಮಾಡಿದೆ. ನನಗೆ ಕೈಗಳವನ ಉಗುರು ತಲೆಯಿಂದ ಹೋಗಲಿಲ್ಲ. ಅವನು ಕತ್ತರಿಸಿ ಎಸೆದದ್ದನ್ನು ನಾನು ಇಲ್ಲಿ ಕುಳಿತು ಹಿಡಿದಿದ್ದೆ. ಎಲ್ಲ ವಸ್ತು ಬಿಚ್ಚಿ ನೋಡುವವನು ನಾನು. ಆಯಿ ಬಿಚ್ಚಿ ನೋಡುವವರಲ್ಲ. ನನ್ನನ್ನು ನಂಬಿ ಕಣ್ಣಿಗೆ ಕಾಣುತ್ತದೆ ಎಂದರು. ನಾಳೆ ಅವರು ಸೇದುವ ಒಂದೊಂದು ಕೊಡಕ್ಕೂ ನನಗೆ ಒಬ್ಬನಿಗೇ ಗೊತ್ತಿರುತ್ತದೆ. ಅದು ನನ್ನಿಂದ ಆಗದ ಕೆಲಸ.

ಮಧ್ಯಾಹ್ನ ಹೋಗಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ಆಯಿ, ಗಡಗಡಿ ಒಳಗ ತೊಗಲ ಹಾಕೇನ್ರಿ. ನನ್ನ ಹಳೇ ಚಪ್ಪಲಿದು. ನನಗ ಗೊತ್ತಿರಲಿಲ್ಲ."

ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಸೊಸೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಅವರೇ ಮೊದಲು ಮಾತಾಡಿದ್ದು. ಪಾತ್ರೆ ಎಲ್ಲ ಅದೇ ನೀರಿನಲ್ಲಿ ತೊಳೆದಿದ್ದೇವೆ, ನೆಲ ಒರೆಸಿದ್ದೇವೆ, ಹಿಟ್ಟಿನ ಡಬ್ಬಿ ತೊಳೆದಿದ್ದೇವೆ, ಇವನಿಗೆ ಬುದ್ಧಿ ಇದೆಯೇ ಎಂದು ಶುರು ಮಾಡಿದರು. ಮೊಬೈಲ್ ನೋಡಿ ಕೆಲಸ ಮಾಡುವವರ ಕೈಯಲ್ಲಿ ಕೊಟ್ಟರೆ ಇದೇ ಆಗುವುದು ಎಂದರು.

ಆಯಿ ಬಾವಿಯ ಕಡೆ ನೋಡುತ್ತ ಕುಳಿತರು. ಆಮೇಲೆ ಕೇಳಿದರು.

"ನೀರಿನಾಗ ಬಿದ್ದಿಲ್ಲಲ್ಲ ಅದು?"

"ಇಲ್ರಿ. ಒಳಗ ಗಟ್ಟಿ ಕೂತೈತಿ."

"ಹಚ್ಚಿದಿಯಲ್ಲ, ಆ ಗ್ರೀಸ ಯಾತರದ್ದು?"

ಪ್ರಾಣಿಯ ಕೊಬ್ಬಿನದೋ ಬರೀ ಎಣ್ಣೆಯದೋ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಅದರಲ್ಲಿ ಕೈ ಅದ್ದಿದ್ದೆ, ಒಂದು ದಿನವೂ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ಎಂದೆ.

"ಹಂಗಾರ ಅದನೂ ತಗಿ. ಹೊತ್ತ ಮುಳಗೂದ್ರೊಳಗ ಬ್ಯಾರೆ ಏನರ ಹಾಕಿ ಕೊಡ್ತೀಯಾ, ಇಲ್ಲಾ ಬಿಡಲ್ಯಾ?"

ಹೂಂ ಎಂದೆ. ಏನು ಹಾಕುವುದೆಂದು ತಲೆಯಲ್ಲಿ ಏನೂ ಇರಲಿಲ್ಲ.

ಗಡಗಡಿ ಇಳಿಸಿದೆ. ಮೊಬೈಲ್ ತೆಗೆದರೆ ಚಾರ್ಜು ಇಲ್ಲ, ಕರೆಂಟು ಇಲ್ಲ. ಬೈದುಕೊಂಡು ತೊಗಲು ಕಿತ್ತು ಹೊರಗೆ ಎಸೆದೆ, ಗ್ರೀಸನ್ನು ಸೀಗೆಪುಡಿಯಿಂದ ಮೂರು ಸಲ ತಿಕ್ಕಿ ತೆಗೆದೆ. ತಿಕ್ಕುವಾಗ ಒಂದು ಹಳೇ ವಿಡಿಯೊ ನೆನಪಾಯಿತು. ಕೈಗಳವನದೇ. ಒಂದು ಕಟ್ಟಿಗೆಯ ಬಳೆಯನ್ನು ಎಣ್ಣೆಯಲ್ಲಿ ಕುದಿಸುತ್ತಾನೆ, ಅದರಿಂದ ಗುಳ್ಳೆ ಬರುತ್ತವೆ, ಕಟ್ಟಿಗೆಯೊಳಗಿನ ಗಾಳಿ ಹೋಗಿ ಎಣ್ಣೆ ಕೂರುತ್ತದೆ. ಅದನ್ನೇ ಬುಶ್ ಎಂದು ಹಾಕುತ್ತಾನೆ. ಕಿಡಿ ಹಾರುವುದಿಲ್ಲ ಎಂದು ಅದನ್ನು ಅರ್ಧಕ್ಕೆ ಬಿಟ್ಟಿದ್ದೆ; ಬಳೆ ಕೊರೆಯುವ ಭಾಗ ನೋಡಿರಲಿಲ್ಲ. ಆ ಅರ್ಧವೇ ಈಗ ನನ್ನ ಹತ್ತಿರ ಇದ್ದದ್ದು.

ಗಟ್ಟಿ ಕಟ್ಟಿಗೆ ಬೇಕು ಎಂದೆ. ಬಿರಿಯಬಾರದು. ಆಯಿ ಒಳಗೆ ಹೋಗಿ ಹಳೇ ಒನಕೆ ತಂದರು. ಅವರ ಅತ್ತೆಯದಂತೆ. ಕೈ ಆಡಿ ಆಡಿ ನುಣ್ಣಗೆ ಕರ್ರಗಾಗಿತ್ತು. ಕತ್ತರಿಸಲೇ ಎಂದು ಕೇಳಿದೆ. ಕತ್ತರಿಸು ಎಂದರು.

ಶೆಡ್ಡಿಗೆ ಓಡಿದೆ. ಕರೆಂಟು ಇಲ್ಲದ್ದಕ್ಕೆ ಡ್ರಿಲ್ ನಡೆಯಲಿಲ್ಲ. ಮಾಲಕರು ನನ್ನನ್ನೂ ಒನಕೆಯನ್ನೂ ನೋಡಿದರು. ಹೇಳಿ ಬಂದೆಯಾ ಎಂದು ಕೇಳಿದರು. ಹೇಳಿ ಬಂದೆ ಎಂದೆ. ಎದ್ದು ಹೋಗಿ ಅಟ್ಟದ ಮೇಲಿನಿಂದ ಕೈಯಲ್ಲಿ ತಿರುಗಿಸುವ ಹಳೇ ಬೈರಿಗೆ ತಂದರು. ನಾನು ಅದನ್ನು ಮುಟ್ಟಿದವನೇ ಅಲ್ಲ. ಮೊದಲ ತುಂಡು ಬಿರಿಯಿತು. ಎರಡನೆಯದನ್ನು ಅವರೇ ಹಿಡಿದರು.

"ಒತ್ತಬ್ಯಾಡ. ಅದ ಎಷ್ಟ ತಿಂತೈತೊ ಅಷ್ಟ ತಿನ್ನಲಿ. ಇದನ್ನ ತೋರಿಸಿಲ್ಲೇನ ನಿನ್ನ ಮೊಬೈಲ್ ಮೇಸ್ತ್ರಿ?"

"ತೋರಿಸ್ಯಾನ. ನಾ ನೋಡಿಲ್ಲ."

ಬಳೆಯನ್ನು ಆಯಿಯ ಒಲೆಯ ಮೇಲೆ, ಅವರ ಚೌಕದ ಶೇಂಗಾ ಎಣ್ಣೆಯಲ್ಲೇ ಕುದಿಸಿದೆವು. ಗುಳ್ಳೆ ಬಂದವು. ವಿಡಿಯೊದಲ್ಲಿ ಬಂದ ಹಾಗೇ ಬಂದವು. ಆಯಿ ಬಗ್ಗಿ ನೋಡುತ್ತ, ಇದು ಏನು ಉಸಿರು ಬಿಡುತ್ತಿದೆಯೇ ಎಂದು ಕೇಳಿದರು. ಗುಳ್ಳೆ ನಿಂತ ಮೇಲೆ ತೆಗೆದು, ತಣ್ಣಗಾಗಲು ಬಿಟ್ಟು, ಬಡಿದು ಕೂರಿಸಿದೆ. ಗಡಗಡಿ ಏರಿಸಿದಾಗ ಬಾವಿಯ ಕಟ್ಟೆಯ ಅರ್ಧದ ಮೇಲೆ ಇನ್ನೂ ಬಿಸಿಲಿತ್ತು. ಹಳೇ ಹಗ್ಗ ಬೇಡವೆಂದು ಹೊಸ ಹಗ್ಗ ಹಾಕಿದರು. ಸೊಸೆ ಮತ್ತು ಆಯಿ ಪಾತ್ರೆ, ನೆಲ, ಡಬ್ಬಿ ಎಲ್ಲವನ್ನೂ ಮೊದಲಿನಿಂದ ತೊಳೆದರು. ನಾನು ನೀರು ಸೇದಿ ಕೊಡುತ್ತೇನೆ ಎಂದೆ. ಬೇಡ, ದೂರ ಕುಳಿತು ನೋಡು, ಅವಾಜ ಬಂದರೆ ಹೇಳು ಎಂದರು ಆಯಿ. ಈ ಸಲ ಸ್ವಲ್ಪ ಅವಾಜ ಬಂತು. ಕಟ್ಟಿಗೆಯ ಅವಾಜ, ಗುಟುಕು ನುಂಗಿದ ಹಾಗೆ.

ಭಾನುವಾರ ಬೆಳಿಗ್ಗೆ ಓಣಿಯ ಜೈನರ ಮನೆಗಳ ಮುಂದೆಲ್ಲ ಮಂದಿ ನಿಂತಿದ್ದರು. ಕೈಯಲ್ಲಿ ಕಳಸ, ತೆಂಗಿನಕಾಯಿ. ಒಟ್ಟು ನಾಲ್ಕು ಮನೆಯಲ್ಲಿ ಚೌಕ ಆಗಿತ್ತು. ನಾಲ್ಕೂ ಮನೆಯವರು ಬೆಳಿಗ್ಗೆ ಆಯಿಯ ಬಾವಿಗೇ ಬಂದು ನೀರು ಸೇದಿಕೊಂಡು ಹೋಗಿದ್ದರು. ಬೇರೆ ಬಾವಿ ಇಲ್ಲ. ಮಹಾರಾಜರು ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಅದು ಎಲ್ಲಿ ಕಾಣುತ್ತದೋ ಅಲ್ಲೇ ನಿಲ್ಲುತ್ತಾರೆ. ಏನು ಗುರುತು ಎಂದು ಯಾರಿಗೂ ಹೇಳುವುದಿಲ್ಲ. ಎಲ್ಲೂ ಕಾಣದಿದ್ದರೆ ಅವತ್ತು ಉಪವಾಸ.

ಅವರು ಬಂದರು. ಬಲಗೈ ಬೆರಳು ಕೂಡಿಸಿ ಹೆಗಲ ಮೇಲೆ ಇಟ್ಟುಕೊಂಡಿದ್ದರು. ಮುದುಕರು, ಆದರೆ ಬಿರುಸು ನಡಿಗೆ. ಆಯಿಯ ಮನೆಯ ಮುಂದೆ ಬಂದಾಗ ಆಯಿ, ಸೊಸೆ ಇಬ್ಬರೂ ನಮೋಸ್ತು, ನಮೋಸ್ತು ಎಂದು ಕರೆದರು. ಮಹಾರಾಜರ ನಡಿಗೆ ಸಾವಕಾಶವಾಯಿತು. ಒಂದು ಸಲ ಆ ಕಡೆ ನೋಡಿದರು.

ಮುಂದೆ ಹೋದರು.

ಮೂರು ಮನೆ ದಾಟಿ, ಮೂಲೆಯ ಮನೆಯ ಮುಂದೆ ನಿಂತರು. ಅಲ್ಲಿ ಗಂಡ ಹೆಂಡತಿ ಜೋಡಿಯಾಗಿ ನಿಂತಿದ್ದರು. ಅದೇ ಗುರುತು ಇರಬೇಕು ಎಂದು ಜನ ಅಂದರು. ನನಗೆ ಗೊತ್ತಿಲ್ಲ.

ನನಗೆ ಆಯಿಯ ಮುಖ ನೋಡುವ ಧೈರ್ಯ ಆಗಲಿಲ್ಲ. ಎಂಟು ವರ್ಷ, ಒನಕೆ, ಎರಡೆರಡು ಸಲ ತೊಳೆದ ಪಾತ್ರೆ. ನೋಡಿದಾಗ ಅವರು ಅಲ್ಲಿ ಇರಲಿಲ್ಲ. ಕಳಸವನ್ನು ಸೊಸೆಯ ಕೈಗೆ ಕೊಟ್ಟು ಮೂಲೆಯ ಮನೆಯ ಕಡೆ ನಡೆದಿದ್ದರು. ಮಡಿಯಲ್ಲಿದ್ದವರು ಯಾರ ಚೌಕಕ್ಕೆ ಹೋಗಿಯೂ ಆಹಾರ ಕೊಡಬಹುದಂತೆ. ಇದೂ ನನಗೆ ಗೊತ್ತಿರಲಿಲ್ಲ.

ಹೊರಗಿನವರು ಬಾಗಿಲಿನಿಂದ ನೋಡಬಹುದು. ನಾನು ಜನರ ಹೆಗಲ ಮೇಲಿಂದ ನೋಡಿದೆ. ಮಹಾರಾಜರು ಒಂದು ಮಣೆಯ ಮೇಲೆ ನಿಂತಿದ್ದರು, ಬೊಗಸೆ ಮುಂದೆ ಹಿಡಿದು. ಒಬ್ಬೊಬ್ಬರೇ ತುತ್ತು ಇಡುತ್ತಿದ್ದರು. ಅವರು ಪ್ರತಿ ತುತ್ತನ್ನೂ ಹೆಬ್ಬೆರಳಿನಿಂದ ಬಿಡಿಸಿ, ಕೂದಲು ಇದೆಯೋ ಹುಳ ಇದೆಯೋ ಎಂದು ಒಳಗೆ ನೋಡಿ ಆಮೇಲೆ ತಿನ್ನುತ್ತಿದ್ದರು. ಬಿಚ್ಚಿ ನೋಡುವವರು. ಆಮೇಲೆ ಆಯಿ ಮುಂದೆ ಬಂದರು. ಕೈಯಲ್ಲಿ ತಂಬಿಗೆ. ಸಣ್ಣ ಧಾರೆಯಾಗಿ ಆ ಬೊಗಸೆಗೆ ನೀರು ಬಿಟ್ಟರು. ಬೊಗಸೆ ತುಂಬಿತು, ಅವರು ಕುಡಿದರು. ಮತ್ತೆ ಬಿಟ್ಟರು, ಮತ್ತೆ ಕುಡಿದರು. ಅವತ್ತಿಡೀ ಅವರು ಕುಡಿಯುವ ನೀರು ಅಷ್ಟೇ.

ಆಯಿ ಹೊರಗೆ ಬಂದಾಗ ನನ್ನನ್ನು ನೋಡಿ ನಿಂತರು.

"ಒನಕಿ ತುಂಡ ಇನ್ನೊಂದ ಉಳದೈತೇನೊ?"

"ಐತ್ರಿ ಆಯಿ."

"ಇಟ್ಟಿರು. ಅದು ಸವದ್ರ ಬೇಕಾಗತೈತಿ."

ಆ ತುಂಡು ನನ್ನ ಹತ್ತಿರ ಇದೆ. ಗಡಗಡಿಯ ಬಳೆ ಇನ್ನೂ ಸವೆದಿಲ್ಲ. ವಿಡಿಯೊ ಈಗಲೂ ನೋಡುತ್ತೇನೆ, ಪೂರ್ತಿ ನೋಡುತ್ತೇನೆ, ಅರ್ಧಕ್ಕೆ ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದು ನನ್ನ ಹತ್ತಿರ ಏನೂ ಇಲ್ಲ.